ಹಿಂದಿನ ಪರಮಾಣು ಚಿತ್ರಗಳೆಲ್ಲ ತಪ್ಪು ಅಂದಮೇಲೆ ಮಕ್ಕಳು ಯಾಕೆ ಕಲಿಯಬೇಕು?

ಜಯನಗರದ ಅಮ್ಮ
ಶುಕ್ರವಾರ ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ಮಗಳು 9ನೇ ತರಗತಿ. ಸೋಮವಾರ ವಿಜ್ಞಾನದ ಟೆಸ್ಟ್ ಇದೆ, ಪರಮಾಣು ರಚನೆ ಪಾಠ. ಊಟ ಆದಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಡಾಲ್ಟನ್, ಥಾಮ್ಸನ್, ರುದರ್‌ಫೋರ್ಡ್, ಬೋರ್, ನಾಲ್ಕು ಚಿತ್ರ ಬರೆದು ಮುಗಿಸಿ ಪೆನ್ಸಿಲ್ ಕೆಳಗಿಟ್ಟಳು. "ಅಮ್ಮ, ಮೊದಲಿನ ಮೂರೂ ತಪ್ಪಂತೆ. ತಪ್ಪು ಉತ್ತರಾನ ಯಾಕೆ ಬಾಯಿಪಾಠ ಮಾಡಬೇಕು? ಸರಿಯಾಗಿರೋದನ್ನ ಒಂದೇ ಸಲ ಹೇಳಿಬಿಡಬಹುದಲ್ವಾ?" ಅಂದಳು.

ನಾನು ಓದಿದ್ದು ಬಿಕಾಂ. ಏನು ಹೇಳಬೇಕೋ ತೋಚಲಿಲ್ಲ. ಟೀಚರನ್ನೂ ಕೇಳಿದ್ದಾಳೆ. ಸಿಲಬಸ್‌ನಲ್ಲಿದೆ, ಬರೆದುಕೋ ಅಂದರಂತೆ. ಅವರಿಗೂ ಪಾಠ ಮುಗಿಸುವ ಅವಸರ ಇರುತ್ತದೆ, ನಾನು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಪ್ರಶ್ನೆ ನನ್ನ ತಲೆಯಲ್ಲೂ ಕೂತುಬಿಟ್ಟಿದೆ. ಮಾರ್ಕ್ಸ್‌ಗೆ ಬೇಕಾದ ಉತ್ತರ ಗೈಡಿನಲ್ಲಿದೆ. ನನಗೆ ಬೇಕಿರುವುದು ಮಗಳಿಗೆ ಹೇಳುವ ಉತ್ತರ.

ನಿವೃತ್ತ ಪಿಯು ಮೇಷ್ಟ್ರು
ಶುಕ್ರವಾರ ರಾತ್ರಿ 10.05

ಅಮ್ಮ, ನಾನು 30 ವರ್ಷ ಭೌತಶಾಸ್ತ್ರ ಪಾಠ ಮಾಡಿದವನು. ಈ ಪ್ರಶ್ನೆ ಕೇಳಿದ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದು. ಮಗಳಿಗೆ ನನ್ನ ಶಹಬ್ಬಾಸ್ ಹೇಳಿ.

ಮೊದಲು ಒಂದು ಮಾತು. ನಾಲ್ಕನೆಯದೂ ಪೂರ್ತಿ ಸರಿಯಲ್ಲ. ಬೋರ್ 1913ರಲ್ಲಿ ಕೊಟ್ಟ ಚಿತ್ರವನ್ನು 1926ರ ಹೊತ್ತಿಗೆ ಪಕ್ಕಕ್ಕಿಡಬೇಕಾಯಿತು. ಹಾಗಾಗಿ ಮೂರು ತಪ್ಪು, ಒಂದು ಸರಿ ಅನ್ನುವ ಲೆಕ್ಕವನ್ನೇ ಬಿಟ್ಟುಬಿಡಿ. ಪ್ರತಿ ಚಿತ್ರದ ಪಕ್ಕ ಅವಳು ಒಂದು ಪ್ರಶ್ನೆ ಬರೆದುಕೊಳ್ಳಲಿ: ಈ ಮನುಷ್ಯ ಏನನ್ನು ನೋಡಿದ? ಪಾಠದಲ್ಲಿ ಚಿತ್ರಕ್ಕೆ ಜಾಗ ಜಾಸ್ತಿ, ನೋಡಿದ್ದಕ್ಕೆ ಕಡಿಮೆ. ಮಕ್ಕಳಿಗೆ ಪರಮಾಣು ಅಂದರೆ ಬರೀ ಡ್ರಾಯಿಂಗ್ ಆಗಿಬಿಡುವುದು ಅದರಿಂದಲೇ.

ಡಾಲ್ಟನ್‌ನಿಂದ ಶುರು ಮಾಡುತ್ತೇನೆ. ಮ್ಯಾಂಚೆಸ್ಟರ್‌ನಲ್ಲಿ ಮನೆಪಾಠ ಹೇಳಿ ಜೀವನ ಮಾಡಿದವನು. ಪರಮಾಣುವನ್ನು ಅವನು ಕಂಡಿರಲಿಲ್ಲ. ಅವನ ಮುಂದಿದ್ದದ್ದು ತೂಕದ ಲೆಕ್ಕ. ಈಗಿನ ಅಂಕಿಯಲ್ಲಿ ಹೇಳುವುದಾದರೆ 12 ಗ್ರಾಂ ಇಂಗಾಲ 16 ಗ್ರಾಂ ಆಮ್ಲಜನಕದ ಜೊತೆ ಸೇರಿದರೆ ಒಂದು ಅನಿಲ. 32 ಗ್ರಾಂ ಜೊತೆ ಸೇರಿದರೆ ಬೇರೊಂದು ಅನಿಲ. ನಡುವೆ 20, 25 ಅಂತ ಯಾವುದೂ ಸಿಗುವುದಿಲ್ಲ. ಒಂದು ದರ್ಶಿನಿಯಲ್ಲಿ ಇಡ್ಲಿ ತಿಂದವರ ಬಿಲ್ಲು ಯಾವಾಗಲೂ 20, 40, 60 ಅಂತಲೇ ಬರುತ್ತಿದೆ ಅಂದುಕೊಳ್ಳಿ. ಅಡುಗೆಮನೆಗೆ ಹೋಗಿ ನೋಡಬೇಕಾಗಿಲ್ಲ. ಇಲ್ಲಿ ಅರ್ಧ ಇಡ್ಲಿ ಕೊಡುವುದಿಲ್ಲ ಅಂತ ಹೊರಗೆ ನಿಂತೇ ಹೇಳಬಹುದು. ಡಾಲ್ಟನ್ ಮಾಡಿದ್ದು ಅದನ್ನೇ. 1808ರಲ್ಲಿ ಅದನ್ನು ಪುಸ್ತಕ ಮಾಡಿದ. ನೀರಿನಲ್ಲಿ ಒಂದು ಹೈಡ್ರೋಜನ್, ಒಂದು ಆಮ್ಲಜನಕ ಅಂತ ಬರೆದಿದ್ದ, ಅದು ತಪ್ಪು. ಆದರೆ ಅರ್ಧ ಪರಮಾಣು ಬೆರೆಯುವುದಿಲ್ಲ ಅನ್ನುವ ಮಾತು ರಸಾಯನಶಾಸ್ತ್ರದಲ್ಲಿ ಇವತ್ತಿಗೂ ನಿಂತಿದೆ.

ವಿಜಯನಗರ ವಾಸಿ
ಶುಕ್ರವಾರ ರಾತ್ರಿ 10.31

ಮೇಷ್ಟ್ರೇ, ಕಣಾದ ಮಹರ್ಷಿಗಳು ಇದನ್ನು ಎಷ್ಟೋ ಶತಮಾನ ಮೊದಲೇ ಹೇಳಿದ್ದಾರಲ್ವಾ? ನೀವು ನೇರವಾಗಿ ಮ್ಯಾಂಚೆಸ್ಟರ್‌ಗೆ ಹೋಗಿಬಿಟ್ಟಿರಿ. ನಮ್ಮವರ ಹೆಸರು ಬರದಿದ್ದರೆ ಮನಸ್ಸಿಗೆ ನೋವಾಗುತ್ತದೆ.

ನಿವೃತ್ತ ಪಿಯು ಮೇಷ್ಟ್ರು
ಶುಕ್ರವಾರ ರಾತ್ರಿ 10.58

ನಿಮ್ಮ ಮಾತು ನ್ಯಾಯ. ಪರಮಾಣು ಅನ್ನುವ ಪದವನ್ನೇ ನಾವು ಆ ಪರಂಪರೆಯಿಂದ ತೆಗೆದುಕೊಂಡಿದ್ದೇವೆ. ಕಣಾದರ ಹಾದಿಯಲ್ಲಿ ನಡೆದ ವೈಶೇಷಿಕರ ವಾದ ನನಗೆ ತುಂಬ ಇಷ್ಟ. ಎರಡು ಪರಮಾಣು ಸೇರಿ ದ್ವ್ಯಣುಕ, ಮೂರು ದ್ವ್ಯಣುಕ ಸೇರಿ ತ್ರ್ಯಣುಕ. ಬೆಳಿಗ್ಗೆ ಕಿಟಕಿಯಿಂದ ಬೀಳುವ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಣ ಇದೆಯಲ್ಲ, ತ್ರ್ಯಣುಕ ಅಂದರೆ ಅದು. ಕಣ್ಣಿಗೆ ಕಾಣುವುದರಲ್ಲಿ ಅತಿ ಚಿಕ್ಕದು. ಇನ್ನೊಂದು ವಾದವೂ ಇದೆ. ಪದಾರ್ಥವನ್ನು ತುಂಡು ಮಾಡುತ್ತಾ ಹೋಗುವುದಕ್ಕೆ ಕೊನೆಯೇ ಇಲ್ಲದಿದ್ದರೆ ಮೇರು ಪರ್ವತದಲ್ಲೂ ಲೆಕ್ಕವಿಲ್ಲದಷ್ಟು ತುಂಡು, ಸಾಸಿವೆ ಕಾಳಿನಲ್ಲೂ ಲೆಕ್ಕವಿಲ್ಲದಷ್ಟು ತುಂಡು. ಆಗ ಎರಡೂ ಒಂದೇ ಗಾತ್ರ ಅನ್ನಬೇಕಾಗುತ್ತದೆ. ಹಾಗಾಗಿ ತುಂಡು ಮಾಡುವುದು ಎಲ್ಲೋ ನಿಲ್ಲಲೇಬೇಕು. ಗ್ರೀಸಿನ ಡೆಮಾಕ್ರಿಟಸ್ ಕೂಡ ಎಲ್ಲೋ ನಿಲ್ಲುತ್ತದೆ ಅಂದವನೇ.

ಇವರೆಲ್ಲ ಯೋಚನೆಯ ಬಲದಿಂದ ಅಲ್ಲಿಗೆ ಮುಟ್ಟಿದರು. ಡಾಲ್ಟನ್ ಒಂದು ಹೆಜ್ಜೆ ಮುಂದೆ ಇಟ್ಟದ್ದು ಎಲ್ಲಿ ಅಂದರೆ, ಒಂದೊಂದು ಧಾತುವಿನ ಪರಮಾಣುವಿಗೂ ಇಷ್ಟಿಷ್ಟು ತೂಕ ಅಂತ ಅಂಕಿ ಕೊಟ್ಟ. ಅಂಕಿ ಕೊಟ್ಟರೆ ಬೇರೆಯವರು ತೂಗಿ ನೋಡಿ ನೀನು ತಪ್ಪು ಅನ್ನಬಹುದು. ಅಂದರು ಕೂಡ. ಮಗಳ ಪಾಠ ಶುರುವಾಗುವುದು ಅಲ್ಲಿಂದ. ಕಣಾದರನ್ನು ಬಿಟ್ಟದ್ದು ನನ್ನ ಮರೆವು, ಅಸಡ್ಡೆ ಅಲ್ಲ.

ಎಸ್‌ಪಿ ರೋಡ್ ಟಿವಿ ರಿಪೇರಿ
ಶನಿವಾರ ಬೆಳಿಗ್ಗೆ 7.40

ಥಾಮ್ಸನ್ ಬಗ್ಗೆ ನಾನು ಬರೆಯಬಹುದಾ ಮೇಷ್ಟ್ರೇ? ನಾನು ಓದಿದ್ದು ಐಟಿಐ. ಆದರೆ 22 ವರ್ಷ ಪಿಕ್ಚರ್ ಟ್ಯೂಬ್ ಜೊತೆ ಬದುಕಿದ್ದೇನೆ. ಥಾಮ್ಸನ್ ಕೈಯಲ್ಲಿದ್ದ ಗಾಜಿನ ಕೊಳವೆ ನಮ್ಮ ಹಳೇ ಟಿವಿಯ ಟ್ಯೂಬಿನ ಅಜ್ಜ.

ಗಾಜಿನೊಳಗೆ ಗಾಳಿ ತೆಗೆದಿರುತ್ತಾರೆ. ಹಿಂದಿನ ಕುತ್ತಿಗೆಯಲ್ಲಿ ಗನ್ ಇರುತ್ತದೆ. ಅಲ್ಲಿಂದ ಹೊರಟ ಕಿರಣ ಮುಂದಿನ ಗಾಜಿಗೆ ಬಡಿದರೆ ಬೆಳಕಿನ ಚುಕ್ಕೆ. ಕುತ್ತಿಗೆಗೆ ಸುತ್ತಿರುವ ತಾಮ್ರದ ಕಾಯಿಲ್‌ಗೆ ನಾವು ಯೋಕ್ ಅನ್ನುತ್ತೇವೆ. ಯೋಕ್‌ನ ಕನೆಕ್ಷನ್ ಒಂದು ಹೋದರೆ ಇಡೀ ಚಿತ್ರ ಕುಗ್ಗಿ, ಸ್ಕ್ರೀನ್ ಮಧ್ಯೆ ಅಡ್ಡಕ್ಕೆ ಒಂದೇ ಬಿಳಿ ಗೆರೆ ನಿಲ್ಲುತ್ತದೆ. ಆ ಗೆರೆ ಎಷ್ಟು ಸಲ ನೋಡಿದ್ದೇನೋ. ಬ್ಲಾಕ್ ಅಂಡ್ ವೈಟ್ ಟಿವಿ ಪಕ್ಕ ಆಯಸ್ಕಾಂತ ಹಿಡಿದರೆ ಮುಖಗಳೆಲ್ಲ ಒಂದು ಕಡೆ ಎಳೆದುಕೊಳ್ಳುತ್ತವೆ. ಬೆಳಕು ಹಾಗೆ ಬಾಗುವುದಿಲ್ಲ. ಬಾಗುತ್ತಿದೆ ಅಂದರೆ ಅಲ್ಲಿ ಹಾರುತ್ತಿರುವುದು ಕರೆಂಟ್ ಹೊತ್ತ ಕಣ. ಥಾಮ್ಸನ್ ಇದನ್ನೇ ಅಳತೆ ಮಾಡಿದ್ದು ಅಂತ ಓದಿದಾಗ ನನಗೆ ಮೈ ಜುಂ ಅಂದಿತು.

ಬಿಎಸ್ಸಿ ಎರಡನೇ ವರ್ಷ
ಶನಿವಾರ ಬೆಳಿಗ್ಗೆ 8.15

ಅಣ್ಣಾ, ಎಷ್ಟು ಚೆನ್ನಾಗಿ ಹೇಳಿದಿರಿ! ನಾವು ಲ್ಯಾಬಿನಲ್ಲಿ ಇದೇ ಪ್ರಯೋಗ ಮಾಡಿ ರೆಕಾರ್ಡ್ ಬರೆದಿದ್ದೇವೆ. ಟಿವಿ ಅಂತ ಯಾರೂ ಹೇಳಿರಲಿಲ್ಲ.

ನಾನು ಸ್ವಲ್ಪ ಸೇರಿಸುತ್ತೇನೆ. ಇದು 1897ರಲ್ಲಿ, ಕೇಂಬ್ರಿಡ್ಜ್‌ನ ಕ್ಯಾವೆಂಡಿಶ್ ಲ್ಯಾಬಿನಲ್ಲಿ ನಡೆದದ್ದು. ಥಾಮ್ಸನ್ ಕೊಳವೆಯೊಳಗಿನ ಲೋಹ ಬದಲಿಸಿ ನೋಡಿದ, ಅನಿಲ ಬದಲಿಸಿ ನೋಡಿದ. ಕಣ ಮಾತ್ರ ಅದೇ. ಹೈಡ್ರೋಜನ್ ಪರಮಾಣುವಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಹಗುರ. ಈಗಿನ ಲೆಕ್ಕದಲ್ಲಿ, ಪ್ರೋಟಾನ್ ಅನ್ನುವ ಪರಮಾಣುವಿನೊಳಗಿನ ಇನ್ನೊಂದು ಕಣದ 1836ನೇ ಒಂದು ಭಾಗ. ಯಾವ ಲೋಹದಿಂದ ಎಬ್ಬಿಸಿದರೂ ಒಂದೇ ಕಣ ಬರುತ್ತಿದ್ದರೆ ಅದು ಎಲ್ಲ ಪರಮಾಣುಗಳ ಒಳಗೂ ಇರಲೇಬೇಕು ಅಲ್ವಾ? ಒಡೆಯುವುದಿಲ್ಲ ಅಂದುಕೊಂಡಿದ್ದ ಪರಮಾಣುವಿಗೆ ಒಳಗೆ ಭಾಗಗಳಿವೆ ಅಂತ ಗೊತ್ತಾದದ್ದು ಹಾಗೆ.

ಆ ಕಣವೇ ಎಲೆಕ್ಟ್ರಾನ್, ಅದಕ್ಕೆ ಋಣ ಆವೇಶ. ಪರಮಾಣುವಿಗೆ ಒಟ್ಟಾರೆ ಆವೇಶ ಇಲ್ಲ. ಹಾಗಾದರೆ ಧನ ಆವೇಶ ಎಲ್ಲೋ ಇರಬೇಕು. 1904ರಲ್ಲಿ ಅವನು ಕೊಟ್ಟ ಉತ್ತರ: ಧನ ಆವೇಶ ಇಡೀ ಗೋಳದಲ್ಲಿ ಹರಡಿಕೊಂಡಿದೆ, ಅದರೊಳಗೆ ಎಲೆಕ್ಟ್ರಾನ್‌ಗಳು ಕೂತಿವೆ. ಇಂಗ್ಲೆಂಡಿನವರು ಇದನ್ನು ಪ್ಲಮ್ ಪುಡಿಂಗ್ ಅಂದರು. ನಮ್ಮ ಪುಸ್ತಕದಲ್ಲಿ ಕಲ್ಲಂಗಡಿ ಹಣ್ಣು ಅಂತ ಇದೆ. ನಾನು ತಂಗಿಗೆ ಹೇಳಿಕೊಡುವಾಗ ಕೇಸರಿಬಾತ್ ಅನ್ನುತ್ತೇನೆ. ರವೆ ಧನ ಆವೇಶ, ದ್ರಾಕ್ಷಿ ಎಲೆಕ್ಟ್ರಾನ್. ಆ ಪುಡಿಂಗ್‌ನಲ್ಲಿ ಹಾಕುತ್ತಿದ್ದದ್ದೂ ಒಣದ್ರಾಕ್ಷಿಯೇ.

ಅದೇ 1904ರಲ್ಲಿ ಟೋಕಿಯೋದ ನಾಗಾವೋಕಾ ಬೇರೆ ಚಿತ್ರ ಕೊಟ್ಟಿದ್ದ. ಮಧ್ಯೆ ದೊಡ್ಡ ಧನ ಗೋಳ, ಸುತ್ತ ಶನಿಗ್ರಹದ ಬಳೆಯ ಹಾಗೆ ಎಲೆಕ್ಟ್ರಾನ್‌ಗಳು. ಆ ಬಳೆ ಸ್ಥಿರವಾಗಿ ನಿಲ್ಲುವುದಿಲ್ಲ ಅಂತ ಆಕ್ಷೇಪ ಬಂತು, ಅವನೂ ಅದನ್ನು ಕೈಬಿಟ್ಟ. ನಮ್ಮ ಪಾಠದಲ್ಲಿ ಅವನ ಹೆಸರೇ ಇರಲಿಲ್ಲ, ಇರಬೇಕಿತ್ತು.

ಮಲ್ಲೇಶ್ವರ, ಮೈಸೂರು ಶೈಲಿ ಚಿತ್ರಕಲೆ
ಶನಿವಾರ ಬೆಳಿಗ್ಗೆ 11.10

ಮುಂದೆ ಚಿನ್ನದ ಹಾಳೆಯ ಕತೆ ಬರುತ್ತದೆ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ನಾನು ದೇವರ ಚಿತ್ರಗಳಿಗೆ ಚಿನ್ನದ ರೇಕು ಅಂಟಿಸುತ್ತೇನೆ. ರೇಕು ಕೈಗೆತ್ತಿಕೊಳ್ಳುವ ಮೊದಲು ಫ್ಯಾನ್ ಆಫ್, ಕಿಟಕಿ ಬಂದ್. ಮಾತಾಡುವ ಹಾಗಿಲ್ಲ. ಉಸಿರು ತಾಗಿದರೂ ಮಡಚಿಕೊಂಡು ಹೋಗುತ್ತದೆ. ಬೆರಳಲ್ಲಿ ಮುಟ್ಟಿದರೆ ಬೆರಳಿಗೇ ಮೆತ್ತಿಕೊಂಡು ಮಾಯ. ಒಂದು ಸಲ ರೇಕನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಆಚೆಯ ಬೆಳಕು ತಿಳಿ ಹಸಿರಾಗಿ ಕಾಣಿಸಿತು. ಚಿನ್ನದ ಮೂಲಕ ಆಚೆ ಕಾಣುತ್ತದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಇಂಥ ಹಾಳೆಗೆ ಏನಾದರೂ ಬಡಿದು ವಾಪಸ್ ಬರುತ್ತದೆ ಅಂದರೆ ನನ್ನ ಕೈ ನಂಬುವುದಿಲ್ಲ.

ನಿವೃತ್ತ ಪಿಯು ಮೇಷ್ಟ್ರು
ಶನಿವಾರ ಮಧ್ಯಾಹ್ನ 12.45

ಮೇಡಂ, ನಿಮ್ಮ ಕೈ ನಂಬದಿದ್ದದ್ದನ್ನು ರುದರ್‌ಫೋರ್ಡ್ ಕೂಡ ನಂಬಲಿಲ್ಲ. ಈ ಭಾಗವನ್ನು ಉದ್ದಕ್ಕೇ ಬರೆಯುತ್ತೇನೆ, ಕ್ಷಮಿಸಿ. ಇಡೀ ಪಾಠದಲ್ಲಿ ನನ್ನ ಪ್ರಾಣ ಇದು.

1909, ಮ್ಯಾಂಚೆಸ್ಟರ್. ಪ್ರಯೋಗ ಮಾಡಿದವರು ಗೈಗರ್ ಮತ್ತು ಮಾರ್ಸ್‌ಡನ್. ಮಾರ್ಸ್‌ಡನ್‌ಗೆ ಆಗ 20 ವರ್ಷ, ಇನ್ನೂ ಡಿಗ್ರಿ ಓದುತ್ತಿದ್ದ ಹುಡುಗ. ವಿಕಿರಣ ವಸ್ತುವಿನಿಂದ ಧನ ಆವೇಶದ ಆಲ್ಫಾ ಕಣಗಳು ಹೊರಡುತ್ತವೆ. ಸೆಕೆಂಡಿಗೆ 15,000 ಕಿಲೋಮೀಟರಿಗೂ ಜಾಸ್ತಿ ವೇಗ. ಅವು ಚಿನ್ನದಂಥ ಲೋಹದ ತೆಳು ಹಾಳೆಯನ್ನು ದಾಟಿ ಜಿಂಕ್ ಸಲ್ಫೈಡ್ ಬಳಿದ ಪರದೆಗೆ ಬಡಿದರೆ ಸಣ್ಣ ಮಿಂಚು. ಆ ಮಿಂಚನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಒಂದೊಂದಾಗಿ ಎಣಿಸಬೇಕು. ಎಣಿಸುವ ಮೊದಲು ಕತ್ತಲಲ್ಲಿ ಸುಮ್ನೆ ಕೂತು ಕಣ್ಣು ಹೊಂದಿಸಿಕೊಳ್ಳಬೇಕು. ಎಣಿಸುವ ಯಂತ್ರ ಇಲ್ಲ. ಇಬ್ಬರು ಹುಡುಗರ ಕಣ್ಣೇ ಯಂತ್ರ.

ಥಾಮ್ಸನ್‌ನ ಕೇಸರಿಬಾತ್ ನಿಜವಾಗಿದ್ದರೆ ಕಣಗಳು ಕೊಂಚ ಕೊಂಚ ಬಾಗಿ ಆಚೆ ಹೋಗಬೇಕು. ಎಲೆಕ್ಟ್ರಾನ್ ತಡೆಯಲಾರದು, ಯಾಕೆಂದರೆ ಆಲ್ಫಾ ಕಣ ಅದಕ್ಕಿಂತ 7,000 ಪಟ್ಟಿಗೂ ಹೆಚ್ಚು ಭಾರ. ಹರಡಿಕೊಂಡ ಧನ ಆವೇಶಕ್ಕೂ ಅಷ್ಟು ಬಲ ಇಲ್ಲ. ಹೆಚ್ಚಿನವು ಹಾಗೇ ಹೋದವು ಕೂಡ. ಆದರೆ ಹಾಳೆಯ ಈಚೆ ಬದಿಯಲ್ಲಿ, ಏನೂ ಕಾಣಬಾರದ ಜಾಗದಲ್ಲಿ, ಆಗೊಮ್ಮೆ ಈಗೊಮ್ಮೆ ಮಿಂಚು ಬಂತು. ಪ್ಲಾಟಿನಂನಲ್ಲಿ ಸುಮಾರು 8,000ಕ್ಕೆ ಒಂದು ಕಣ ಬಡಿದು ಹಿಂದಕ್ಕೆ ಬರುತ್ತಿತ್ತು. ತೆಳು ಕಾಗದಕ್ಕೆ ಹೊಡೆದ ಫಿರಂಗಿ ಗುಂಡು ತಿರುಗಿ ಬಂದು ಹೊಡೆದವನಿಗೇ ತಾಗಿದ ಹಾಗಿತ್ತು ಅಂತ ರುದರ್‌ಫೋರ್ಡ್ ಮುಂದೆ ನೆನಪಿಸಿಕೊಳ್ಳುತ್ತಿದ್ದ.

8,000ಕ್ಕೆ ಒಂದು. ನಾನಾಗಿದ್ದರೆ ಎಣಿಕೆಯಲ್ಲಿ ಎಡವಟ್ಟಾಗಿದೆ ಅಂತ ಬಿಟ್ಟುಬಿಡುತ್ತಿದ್ದೆನೇನೋ. ಅವರು ಬಿಡಲಿಲ್ಲ. 1911ರಲ್ಲಿ ರುದರ್‌ಫೋರ್ಡ್ ಲೆಕ್ಕ ಹಾಕಿ ಹೇಳಿದ: ಆವೇಶವೂ ಹೆಚ್ಚೂ ಕಡಿಮೆ ಎಲ್ಲ ತೂಕವೂ ನಡುವಿನ ಒಂದು ಪುಟ್ಟ ಜಾಗದಲ್ಲಿ ಅಡಗಿ ಕೂತಿದೆ.

ಎಷ್ಟು ಪುಟ್ಟದು? ಅಮ್ಮ, ಇದನ್ನು ಮಗಳಿಗೆ ಹೀಗೆ ಹೇಳಿ. ಚಿನ್ನಸ್ವಾಮಿ ಸ್ಟೇಡಿಯಂನ ಪಿಚ್ ಮಧ್ಯೆ ಒಂದು ಸಾಸಿವೆ ಕಾಳು ಇಡಲಿ. ಅದು ಹೈಡ್ರೋಜನ್‌ನ ನ್ಯೂಕ್ಲಿಯಸ್, ಅಂದರೆ ನಡುವಿನ ಆ ಪುಟ್ಟ ಜಾಗ. ಆಗ ಪರಮಾಣುವಿನ ಅಂಚು ಹೆಚ್ಚೂ ಕಡಿಮೆ ಬೌಂಡರಿ ಹಗ್ಗದ ಹತ್ತಿರ ಬರುತ್ತದೆ. ಪುಸ್ತಕದಲ್ಲಿ ಇದನ್ನು ಅಳತೆಗೆ ಸರಿಯಾಗಿ ಬರೆಯಲು ಆಗುವುದೇ ಇಲ್ಲ. ನ್ಯೂಕ್ಲಿಯಸ್ ಅಂತ ಒಂದು ಚುಕ್ಕೆ ಇಟ್ಟರೆ ಎಲೆಕ್ಟ್ರಾನ್ ಪಕ್ಕದ ಬೀದಿಗೆ ಹೋಗುತ್ತದೆ.

ಜಯನಗರದ ಅಮ್ಮ
ಶನಿವಾರ ಮಧ್ಯಾಹ್ನ 3.30

ಮೇಷ್ಟ್ರೇ, ಇಬ್ಬರೂ ಕೂತು ಎರಡು ಸಲ ಓದಿದೆವು. ಅವಳು ಡಬ್ಬಿಯಿಂದ ಒಂದು ಸಾಸಿವೆ ತಂದು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಾಳೆ. ಎರಡು ಪ್ರಶ್ನೆ ಕೇಳಿದಳು, ಅವಳ ಮಾತಲ್ಲೇ ಹಾಕುತ್ತೇನೆ. "ಸ್ಟೇಡಿಯಂನಲ್ಲಿ ಉಳಿದಿರೋ ಜಾಗ ಖಾಲಿ ಅಂದ್ರೆ ಅಲ್ಲಿ ಗಾಳಿ ಇರುತ್ತಾ?" ಎರಡನೆಯದು, "ಕಾಳು ಎಲೆಕ್ಟ್ರಾನನ್ನ ಎಳೀತಾ ಇರುತ್ತಲ್ವಾ, ಮತ್ತೆ ಅದು ಬಂದು ಬೀಳಲ್ವಾ?"

ನಿವೃತ್ತ ಪಿಯು ಮೇಷ್ಟ್ರು
ಶನಿವಾರ ಸಂಜೆ 4.10

ಗಾಳಿ ಇಲ್ಲ. ಗಾಳಿಯೇ ಪರಮಾಣುಗಳಿಂದ ಆದದ್ದು, ಅದು ಪರಮಾಣುವಿನ ಒಳಗೆ ಇರಲಾರದು.

ಎರಡನೇ ಪ್ರಶ್ನೆಯೇ ರುದರ್‌ಫೋರ್ಡ್ ಚಿತ್ರದ ದೊಡ್ಡ ತೊಡಕು. ಭೂಮಿ ಸೂರ್ಯನನ್ನು ಸುತ್ತಿದ ಹಾಗೆ ಎಲೆಕ್ಟ್ರಾನ್ ಸುತ್ತುತ್ತದೆ ಅನ್ನೋಣ. ಆವೇಶ ಇರುವ ಕಣ ಹಾಗೆ ಸುತ್ತಿದರೆ ಬೆಳಕಿನ ರೂಪದಲ್ಲಿ ಶಕ್ತಿ ಕಳೆದುಕೊಳ್ಳುತ್ತಲೇ ಇರಬೇಕು. ಒಂದು ಸೆಕೆಂಡನ್ನು 10,000 ಕೋಟಿ ಭಾಗ ಮಾಡಿ. ಅಂಥ ಒಂದೆರಡು ಭಾಗದೊಳಗೆ ಅದು ಸುರುಳಿ ಸುತ್ತಿಕೊಂಡು ಒಳಗೆ ಬಿದ್ದಿರಬೇಕು. ಅವಳ ಕೈಯಲ್ಲಿರುವ ಸಾಸಿವೆಯೂ ಇರುತ್ತಿರಲಿಲ್ಲ, ಕೈಯೂ ಇರುತ್ತಿರಲಿಲ್ಲ. ಚಿನ್ನದ ಹಾಳೆಯ ಲೆಕ್ಕ ಸರಿ, ಆದರೆ ಅದೇ ಲೆಕ್ಕದ ಪ್ರಕಾರ ಜಗತ್ತೇ ಉಳಿಯಬಾರದು. 1911ರಲ್ಲಿ ವಿಜ್ಞಾನ ಸಿಕ್ಕಿಬಿದ್ದದ್ದು ಅಲ್ಲಿ.

ಬಿಎಸ್ಸಿ ಎರಡನೇ ವರ್ಷ
ಶನಿವಾರ ಸಂಜೆ 5.00

ಮುಂದಿನದಕ್ಕೆ ಬೆಳಕು ನೋಡಬೇಕು. ಆಂಟಿ, ಮನೆಯಲ್ಲಿ ಹಳೇ ಸಿಡಿ ಇದ್ದರೆ ಇವತ್ತು ರಾತ್ರಿ ಇದನ್ನು ಮಾಡಿ. ನೀವು ಜೊತೆಗೇ ಇರಿ. ಅಡುಗೆಮನೆ ಲೈಟು ಆರಿಸಿ. ಮೊದಲು ದೇವರ ದೀಪದ ಜ್ವಾಲೆಯನ್ನು ಸಿಡಿಯ ಹೊಳೆಯುವ ಕಡೆಯಲ್ಲಿ ಓರೆಯಾಗಿ ನೋಡಿ. ಕೆಂಪಿನಿಂದ ನೇರಳೆವರೆಗೆ ಬಣ್ಣ ಹರಡಿಕೊಂಡಿರುತ್ತದೆ. ಆಮೇಲೆ ಗ್ಯಾಸ್ ಸಣ್ಣಗೆ ಹಚ್ಚಿ, ಒದ್ದೆ ಮಾಡಿದ ಸ್ಟೀಲ್ ಚಮಚದ ತುದಿಯಲ್ಲಿ ಉಪ್ಪು ಹಿಡಿದು ಜ್ವಾಲೆಯ ಅಂಚಿಗೆ ತನ್ನಿ. ಚಮಚವನ್ನು ಬಟ್ಟೆಯಲ್ಲಿ ಹಿಡಿಯಿರಿ. ಸಿಡಿಯನ್ನು ಒಲೆಯಿಂದ ಎರಡು ಅಡಿ ದೂರ ಇಟ್ಟುಕೊಳ್ಳಿ. ಏನು ಕಂಡಿತು ಅಂತ ಬರೆಯಿರಿ, ನಾನು ಈಗ ಹೇಳುವುದಿಲ್ಲ.

ಜಯನಗರದ ಅಮ್ಮ
ಶನಿವಾರ ರಾತ್ರಿ 8.50

ಮಾಡಿದೆವು! ಎಂಎಸ್‌ ಸುಬ್ಬುಲಕ್ಷ್ಮಿಯವರ ಹಳೇ ಸಿಡಿ, ಈಗ ಹಾಕುವುದಕ್ಕೆ ಪ್ಲೇಯರ್ ಇಲ್ಲ. ದೀಪದಲ್ಲಿ ಕಾಮನಬಿಲ್ಲಿನ ಹಾಗೆ ಉದ್ದಕ್ಕೆ ಬಣ್ಣ ಬಂತು. ಉಪ್ಪು ಹಿಡಿದಾಗ ನೀಲಿ ಜ್ವಾಲೆ ತಟ್ಟನೆ ಹಳದಿಯಾಯಿತು. ಸಿಡಿಯಲ್ಲಿ ಆ ಹಳದಿ ಹರಡಲೇ ಇಲ್ಲ. ಜ್ವಾಲೆಯ ಆಕಾರದಲ್ಲೇ ಒಂದೇ ಒಂದು ಹಳದಿ ನಾಲಿಗೆ, ಅಂಚು ಕತ್ತರಿಸಿದ ಹಾಗೆ. ಮಗಳು "ಅಮ್ಮ, ಬೇರೆ ಬಣ್ಣ ಎಲ್ಲಿ ಹೋಯ್ತು?" ಅಂತ ಮೂರು ಸಲ ಮಾಡಿಸಿದಳು. ಉಪ್ಪಿನ ಡಬ್ಬಿ ಅರ್ಧ ಖಾಲಿ. ಅವರ ಅಪ್ಪನೂ ಟಿವಿ ಬಿಟ್ಟು ಎದ್ದು ಬಂದರು.

ಬಿಎಸ್ಸಿ ಎರಡನೇ ವರ್ಷ
ಶನಿವಾರ ರಾತ್ರಿ 9.15

ಅದೇ ಆಂಟಿ! ಅದು ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ, ಬೆಳಕಿನ ಅಲೆಯ ಉದ್ದ 589 ನ್ಯಾನೊಮೀಟರ್. ಎಲ್‌ಇಡಿ ಬರುವ ಮೊದಲು ನಮ್ಮ ಬೀದಿದೀಪಗಳ ಹಳದಿಯೂ ಸೋಡಿಯಂನದ್ದೇ. ಪ್ರತಿ ಧಾತುವಿಗೂ ಇಂಥ ತನ್ನದೇ ಬಣ್ಣದ ಗೆರೆಗಳಿವೆ. ಎಲೆಕ್ಟ್ರಾನ್ ಎಷ್ಟು ದೂರದಲ್ಲಿ ಬೇಕಾದರೂ ಸುತ್ತಬಹುದು ಅನ್ನುವುದಾದರೆ ಎಲ್ಲ ಬಣ್ಣಗಳೂ ಬರಬೇಕಿತ್ತು. ಬರುತ್ತಿರುವುದು ಬಿಡಿಬಿಡಿ ಗೆರೆ.

ನಿವೃತ್ತ ಪಿಯು ಮೇಷ್ಟ್ರು
ಶನಿವಾರ ರಾತ್ರಿ 9.50

ಹೈಡ್ರೋಜನ್ ಗೆರೆಗಳ ಲೆಕ್ಕವನ್ನು ಮಗಳ ಕೈಯಲ್ಲೇ ಮಾಡಿಸಿ. 1885ರಲ್ಲಿ ಬಾಲ್ಮರ್ ಅನ್ನುವ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಶಾಲಾ ಗಣಿತ ಮೇಷ್ಟ್ರು ಕಂಡುಹಿಡಿದದ್ದು. 364.6 ಅನ್ನುವ ಸಂಖ್ಯೆ ತೆಗೆದುಕೊಳ್ಳಲಿ. 3ರ ವರ್ಗ 9, ಅದರಿಂದ 4 ಕಳೆದರೆ 5. 364.6 ಅನ್ನು 9ರಿಂದ ಗುಣಿಸಿ 5ರಿಂದ ಭಾಗಿಸಲಿ. ಆಮೇಲೆ 4ರ ವರ್ಗ 16, ಅದರಿಂದ 4 ಕಳೆದರೆ 12. ಹಾಗೇ 5, 6ಕ್ಕೂ ಮಾಡಲಿ. ಬರುವುದು 656.3, 486.1, 434.0, 410.2. ಹೈಡ್ರೋಜನ್‌ನ ಕೆಂಪು, ಹಸಿರುನೀಲಿ ಮತ್ತು ಎರಡು ನೇರಳೆ ಗೆರೆಗಳ ಅಳತೆ ನ್ಯಾನೊಮೀಟರಿನಲ್ಲಿ ಇವೇ.

ಯಾಕೆ ಹೀಗೆ ಅಂತ 28 ವರ್ಷ ಯಾರಿಗೂ ಗೊತ್ತಿರಲಿಲ್ಲ. 1913ರಲ್ಲಿ ಬೋರ್ ಈ ಸೂತ್ರ ನೋಡಿದ. ಅವನು ಹಿಂದಿನ ವರ್ಷ ರುದರ್‌ಫೋರ್ಡ್ ಜೊತೆ ಕೆಲಸ ಮಾಡಿ ಬಂದವನು, ಬೀಳುವ ಎಲೆಕ್ಟ್ರಾನ್ ಅವನ ತಲೆ ತಿನ್ನುತ್ತಿತ್ತು. ಎಲೆಕ್ಟ್ರಾನ್ ಕೆಲವೇ ಕಕ್ಷೆಗಳಲ್ಲಿ ಇರಬಲ್ಲದು, ಅಲ್ಲಿ ಇರುವಷ್ಟು ಹೊತ್ತು ಶಕ್ತಿ ಕಳೆದುಕೊಳ್ಳುವುದಿಲ್ಲ, ಮೇಲಿನ ಕಕ್ಷೆಯಿಂದ ಕೆಳಗಿನದಕ್ಕೆ ಜಿಗಿದಾಗ ಮಾತ್ರ ಬೆಳಕು ಬಿಡುತ್ತದೆ ಅಂದ. ಬಾಲ್ಮರ್ ಕಳೆದ ಆ 4 ಅಂದರೆ 2ರ ವರ್ಗ. ಮೂರು, ನಾಲ್ಕು, ಐದು, ಆರನೇ ಕಕ್ಷೆಯಿಂದ ಎರಡನೇ ಕಕ್ಷೆಗೆ ಜಿಗಿತ. ಆ ಸಂಖ್ಯೆ 364.6 ಕೂಡ ಎಲೆಕ್ಟ್ರಾನಿನ ಆವೇಶ, ತೂಕ ಮೊದಲಾದ ಅಂಕಿಗಳಿಂದಲೇ ಲೆಕ್ಕಕ್ಕೆ ಸಿಕ್ಕಿತು. ಕಕ್ಷೆಯಲ್ಲಿ ಯಾಕೆ ಬೀಳುವುದಿಲ್ಲ ಅನ್ನುವುದಕ್ಕೆ ಬೋರ್ ಬಳಿ ಕಾರಣ ಇರಲಿಲ್ಲ. ಇರಲಿ ಅಂತ ಇಟ್ಟುಕೊಂಡ ನಿಯಮ ಅದು. ಹೈಡ್ರೋಜನ್‌ಗೆ ಸರಿಹೋಯಿತು. ಎರಡೇ ಎಲೆಕ್ಟ್ರಾನ್ ಇರುವ ಹೀಲಿಯಂನಲ್ಲೇ ಕೈಕೊಟ್ಟಿತು.

ನ್ಯೂಕ್ಲಿಯಸ್ಸಿನೊಳಗಿನ ಕಣಗಳು, ಅಂದರೆ ಧನ ಆವೇಶದ ಪ್ರೋಟಾನ್, ಆವೇಶವಿಲ್ಲದ ನ್ಯೂಟ್ರಾನ್ ಬಗ್ಗೆ ಒಂದೆರಡು ಸಾಲು. ಮೋಸ್ಲಿ 1913ರಲ್ಲಿ ಎಕ್ಸ್ ಕಿರಣದಿಂದ ನ್ಯೂಕ್ಲಿಯಸ್ಸಿನ ಆವೇಶ ಎಣಿಸಿ ಪರಮಾಣು ಸಂಖ್ಯೆಗೆ ಅರ್ಥ ಕೊಟ್ಟ, 1915ರಲ್ಲಿ ಯುದ್ಧದಲ್ಲಿ 27ನೇ ವಯಸ್ಸಿಗೇ ತೀರಿಹೋದ. ನ್ಯೂಟ್ರಾನ್ ಸಿಕ್ಕಿದ್ದು 1932ರಲ್ಲಿ, ಚಾಡ್ವಿಕ್‌ಗೆ. ಅಂದರೆ ಬೋರ್ ಚಿತ್ರ ಬರೆದಾಗ ನ್ಯೂಟ್ರಾನ್ ಅನ್ನುವ ಕಣ ಯಾರಿಗೂ ಗೊತ್ತಿರಲಿಲ್ಲ.

ಯಶವಂತಪುರ, ಪಿಎಚ್‌ಡಿ ವಿದ್ಯಾರ್ಥಿನಿ
ಶನಿವಾರ ರಾತ್ರಿ 11.20

ಮೇಷ್ಟ್ರೇ, ನಿಮ್ಮ ಮೇಲೆ ತುಂಬ ಗೌರವ ಇದೆ. ಆದರೂ ಒಂದು ಭಿನ್ನಾಭಿಪ್ರಾಯ. ಬೋರ್ ಕಕ್ಷೆಯನ್ನು 9ನೇ ತರಗತಿಯಲ್ಲಿ ಬಿಟ್ಟು ನೇರ ಎಲೆಕ್ಟ್ರಾನ್ ಮೋಡ ಹೇಳಿಕೊಡಬೇಕು ಅಂತ ನನ್ನ ಅನಿಸಿಕೆ. ಎಂಎಸ್ಸಿಗೆ ಬಂದವರೂ ಪರಮಾಣು ಅಂದರೆ ಗ್ರಹಗಳ ಹಾಗೆ ಸುತ್ತುವ ಗೋಲಿ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಇದ್ದೆ, ಆ ಚಿತ್ರ ಕಿತ್ತು ಹಾಕಲು ವರ್ಷಗಳು ಹಿಡಿದವು. 1926ರಲ್ಲಿ ಶ್ರೋಡಿಂಗರ್ ತನ್ನ ಅಲೆ ಸಮೀಕರಣ ಕೊಟ್ಟ. ಅದೇ ವರ್ಷ ಮ್ಯಾಕ್ಸ್ ಬಾರ್ನ್ ಆ ಅಲೆಗೆ ಅರ್ಥ ಹೇಳಿದ: ಎಲೆಕ್ಟ್ರಾನ್ ಇಲ್ಲೇ ಇದೆ ಅನ್ನಲಾಗದು, ಎಲ್ಲಿ ಸಿಗುವ ಸಾಧ್ಯತೆ ಎಷ್ಟು ಅಂತ ಮಾತ್ರ ಹೇಳಬಹುದು. ಮೋಡ ಅಂದರೆ ಆ ಸಾಧ್ಯತೆಯ ಚಿತ್ರ. ಹೈಡ್ರೋಜನ್‌ನ ಅತಿ ಕೆಳಗಿನ ಸ್ಥಿತಿಯಲ್ಲಿ ಎಲೆಕ್ಟ್ರಾನ್ ಸುತ್ತುತ್ತದೆ ಅನ್ನುತ್ತದೆ ಬೋರ್ ಚಿತ್ರ. ಹೊಸ ಲೆಕ್ಕದಲ್ಲಿ ಅಲ್ಲಿ ಸುತ್ತುವ ಚಲನೆಯೇ ಇಲ್ಲ. ಇದು ಸಣ್ಣ ತಿದ್ದುಪಡಿ ಅಲ್ಲ.

ಇನ್ನೊಂದು ವಿಷಯ ಬೆಂಗಳೂರಿನವರಿಗೆ ಹೇಳಲೇಬೇಕು. ಆ ಬಾರ್ನ್ ನಮ್ಮೂರಲ್ಲಿ ಇದ್ದ. ಯಹೂದಿ ಅನ್ನುವ ಕಾರಣಕ್ಕೆ 1933ರಲ್ಲಿ ಜರ್ಮನಿಯ ಗಾಟಿಂಗನ್‌ನಲ್ಲಿ ಕೆಲಸ ಕಳೆದುಕೊಂಡ. ಆಗ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಐಐಎಸ್‌ಸಿಗೆ, ಸಿ.ವಿ. ರಾಮನ್ ನಿರ್ದೇಶಕರು. ಅವರು ಕರೆಸಿಕೊಂಡರು. 1935-36ರಲ್ಲಿ ಸುಮಾರು ಆರು ತಿಂಗಳು ಬಾರ್ನ್ ಇಲ್ಲಿದ್ದು ಪಾಠ ಮಾಡಿದ. ಕಾಯಂ ಮಾಡಿಕೊಳ್ಳಬೇಕು ಅಂತ ರಾಮನ್ ಪ್ರಯತ್ನಪಟ್ಟರು, ಆಗಲಿಲ್ಲ. 1936ರಲ್ಲಿ ಬಾರ್ನ್ ಎಡಿನ್‌ಬರಾಗೆ ಹೋದ. 1954ರಲ್ಲಿ ನೊಬೆಲ್ ಬಂತು, ಅಲೆಗೆ ಕೊಟ್ಟ ಆ ಅರ್ಥಕ್ಕಾಗಿಯೇ. ಕ್ಯಾಂಪಸ್ಸಿನ ಮರಗಳ ಕೆಳಗೆ ನಡೆಯುವಾಗ ಇದು ನೆನಪಾದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವನು ಇಲ್ಲೇ ಉಳಿದಿದ್ದರೆ!

ಪೀಣ್ಯ ಪ್ಲೇಟಿಂಗ್
ಭಾನುವಾರ ಬೆಳಿಗ್ಗೆ 6.30

ನಾನು ನಿಕ್ಕಲ್ ಪ್ಲೇಟಿಂಗ್ ಮಾಡಿಸುವವನು. ಒಂದು ಆಂಪಿಯರ್ ಒಂದು ಗಂಟೆ ಬಿಟ್ಟರೆ ಲೆಕ್ಕದ ಪ್ರಕಾರ 1.095 ಗ್ರಾಂ ನಿಕ್ಕಲ್ ಕೂರಬೇಕು. ಒಂದೊಂದು ನಿಕ್ಕಲ್ ಅಯಾನಿಗೂ ಎರಡೆರಡು ಎಲೆಕ್ಟ್ರಾನ್ ಬೇಕು, ಅದರಿಂದ ಬಂದ ಅಂಕಿ. ಟ್ಯಾಂಕಿಗೆ ಜಾಬ್ ಇಳಿಸುವ ಮೊದಲು ಏರಿಯಾ ನೋಡಿ, ರೆಕ್ಟಿಫೈಯರ್ ಎಷ್ಟಕ್ಕೆ ಇಡಬೇಕು, ಎಷ್ಟು ನಿಮಿಷ ಬಿಡಬೇಕು ಅಂತ ಇದರಿಂದಲೇ ಹೇಳುತ್ತೇನೆ. ಇದಕ್ಕೆ ಡಾಲ್ಟನ್‌ನ ತೂಕ ಸಾಕು, ಥಾಮ್ಸನ್‌ನ ಎಲೆಕ್ಟ್ರಾನ್ ಸಾಕು. ಮೋಡ ಬೇಕಾಗಿಲ್ಲ. ಹಳೇದನ್ನು ತಪ್ಪು ಅನ್ನುವ ಮೊದಲು ಯಾವ ಕೆಲಸಕ್ಕೆ ತಪ್ಪು ಅಂತ ಕೇಳಬೇಕು ಅಲ್ವಾ ಮೇಡಂ?

ನಿವೃತ್ತ ಪಿಯು ಮೇಷ್ಟ್ರು
ಭಾನುವಾರ ಬೆಳಿಗ್ಗೆ 8.00

ಯಶವಂತಪುರದ ಮಗಳೇ, ನಿನ್ನ ಆಕ್ಷೇಪ ಗಟ್ಟಿ. ಗೋಲಿ ಸುತ್ತುವ ಚಿತ್ರ ತಲೆಯಲ್ಲಿ ಬೇರು ಬಿಡುತ್ತದೆ, ಒಪ್ಪುತ್ತೇನೆ. ಆದರೆ ಮೋಡವನ್ನು ಮೊದಲ ದಿನವೇ ಬರೆದುಕೊಟ್ಟರೆ ಅದೂ ಐದನೇ ಡ್ರಾಯಿಂಗ್ ಆಗುತ್ತದೆ, ಅಷ್ಟೇ. ಬಿಡಿ ಗೆರೆ ಕಂಡವರಿಗೆ ಬೋರ್ ಕಕ್ಷೆಗಳ ಮೆಟ್ಟಿಲು ಯಾಕೆ ಬೇಕು ಅಂತ ತಿಳಿಯುತ್ತದೆ. ಮೆಟ್ಟಿಲು ಹೀಲಿಯಂನಲ್ಲಿ ಮುರಿದದ್ದು ಕಂಡವರಿಗೆ ಅಲೆ ಯಾಕೆ ಬೇಕು ಅಂತ ತಿಳಿಯುತ್ತದೆ. ಹೈಡ್ರೋಜನ್‌ಗೆ ಶ್ರೋಡಿಂಗರ್ ಲೆಕ್ಕ ಬಿಡಿಸಿದರೆ ಬರುವ ಶಕ್ತಿಯ ಅಂಕಿಗಳು ಬೋರ್ ಕೊಟ್ಟವೇ. ಎಲೆಕ್ಟ್ರಾನ್ ಅತಿ ಹೆಚ್ಚಾಗಿ ಸಿಗುವ ದೂರ 0.053 ನ್ಯಾನೊಮೀಟರ್, ಅದೂ ಬೋರ್‌ನ ಮೊದಲ ಕಕ್ಷೆಯದ್ದೇ. ಚಿತ್ರ ಹೋಯಿತು, ಅಳತೆ ಉಳಿಯಿತು.

ಯಶವಂತಪುರ, ಪಿಎಚ್‌ಡಿ ವಿದ್ಯಾರ್ಥಿನಿ
ಭಾನುವಾರ ಬೆಳಿಗ್ಗೆ 9.05

ಪೀಣ್ಯದವರ ಪ್ರಶ್ನೆಗೆ ನನ್ನ ಬಳಿ ಎದುರು ಮಾತಿಲ್ಲ. ಮೇಷ್ಟ್ರೇ, ನಿಮ್ಮದನ್ನು ಅರ್ಧ ಒಪ್ಪಿದೆ. ಕಕ್ಷೆ ಹೇಳಿಕೊಡಿ, ಆದರೆ ಅದೇ ಪುಟದಲ್ಲಿ ಇದು ಎಲ್ಲಿ ಮುರಿಯಿತು ಅಂತಲೂ ಬರೆಯಿರಿ. ಈಗ ಹಾಗಿಲ್ಲ, ನನ್ನ ಸಿಟ್ಟು ಅದಕ್ಕೆ.

ಜಯನಗರದ ಅಮ್ಮ
ಭಾನುವಾರ ಬೆಳಿಗ್ಗೆ 10.20

ಅವಳ ನೋಟ್ಸ್ ನೋಡಿದೆ. ನಾಲ್ಕು ಚಿತ್ರದ ಪಕ್ಕದಲ್ಲೂ ಬರೆದುಕೊಂಡಿದ್ದಾಳೆ. ಡಾಲ್ಟನ್ ಪಕ್ಕ "ಅರ್ಧ ಇಡ್ಲಿ ಇಲ್ಲ". ಥಾಮ್ಸನ್ ಪಕ್ಕ "ಯಾವ ಲೋಹ ಹಾಕಿದರೂ ಅದೇ ಕಣ". ರುದರ್‌ಫೋರ್ಡ್ ಪಕ್ಕ "8,000ಕ್ಕೆ 1", ಕೆಳಗೆ ಸೆಲೋಟೇಪಿನಲ್ಲಿ ಒಂದು ಸಾಸಿವೆ ಅಂಟಿಸಿದ್ದಾಳೆ. ಬೋರ್ ಪಕ್ಕ 656.3 ಬಂದ ಲೆಕ್ಕ, ಅದರ ಕೆಳಗೆ "ಹೀಲಿಯಂ ಆಗಲಿಲ್ಲ". ಐದನೆಯದಕ್ಕೆ ಜಾಗ ಬಿಟ್ಟಿದ್ದಾಳೆ, ಚಿತ್ರ ಇಲ್ಲ. ಟೆಸ್ಟಿನಲ್ಲಿ ಇದಕ್ಕೆಲ್ಲ ಮಾರ್ಕ್ಸ್ ಕೊಡುತ್ತಾರಾ ಅಂತ ನಾನು ಕೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ, ಟಿವಿ ಅಂಕಲ್ ಅಂಗಡಿ ಎಲ್ಲಿ ಅಂತ ಕೇಳುತ್ತಿದ್ದಾಳೆ.

ಎಸ್‌ಪಿ ರೋಡ್ ಟಿವಿ ರಿಪೇರಿ
ಭಾನುವಾರ ಬೆಳಿಗ್ಗೆ 10.45

ಕರ್ಕೊಂಡು ಬನ್ನಿ ಅಕ್ಕ. 14 ಇಂಚಿನ ಬ್ಲಾಕ್ ಅಂಡ್ ವೈಟ್ ಒಂದು ಇನ್ನೂ ಆನ್ ಆಗುತ್ತದೆ, ಮಾರದೆ ಇಟ್ಟುಕೊಂಡಿದ್ದೇನೆ. ಕವರ್ ನಾನೇ ಬಿಚ್ಚುತ್ತೇನೆ, ಆಫ್ ಮಾಡಿದ ಮೇಲೂ ಒಳಗೆ ವೋಲ್ಟೇಜ್ ಉಳಿದಿರುತ್ತದೆ, ಅವಳು ಕೈ ಹಾಕಬಾರದು. ಆಯಸ್ಕಾಂತ ಅವಳ ಕೈಗೆ ಕೊಡುತ್ತೇನೆ. ಭಾನುವಾರ ಬೀದಿ ಖಾಲಿ, ಗಾಡಿ ನಿಲ್ಲಿಸಲು ಜಾಗ ಸಿಗುತ್ತದೆ. 4 ಗಂಟೆಗೆ ಅರ್ಧ ಶಟರ್ ಎತ್ತಿರುತ್ತೇನೆ.